ಅತ್ತೆ ಕುದಿಸಿದ ಗೊಜ್ಜು

“ಹಸಿ ಕಾಯಿ ಹಾಕ್ಬೇಡ, ನಾಳೀಕೆ ಅಳ್ಸೋಗ್ತದೆ,” ಎನ್ನುತ್ತ ಅತ್ತೆ ನನ್ನ ಕೈಯಿಂದ ಸೌಟು ತೆಗೆದುಕೊಂಡರು. ಎಂಬತ್ತರ ದಶಕದ ಮಾತಿದು. ಪೀಣ್ಯದ ನಮ್ಮ ಕಾರ್ಖಾನೆಯ ಹೆಂಗಸರು ಸಾವನದುರ್ಗ ಬೆಟ್ಟದ ಬುಡದಲ್ಲಿ ಟೆಂಟ್ ಹಾಕಿ ಎರಡು ದಿನ ಇರಲು ಹೊರಟಿದ್ದೆವು. ಅತ್ತೆ ಬೇಡವೆನ್ನುತ್ತಾರೆಂಬ ಭಯಕ್ಕೆ, ಅವರು ಏಳುವ ಮೊದಲೇ ಅನ್ನಕ್ಕೆ ಕಲಸುವ ಹುಣಸೆ ಗೊಜ್ಜು ಮಾಡಿಕೊಳ್ಳುತ್ತಿದ್ದೆ.

ಎಣ್ಣೆ ಬಿಡುವವರೆಗೂ ಗೊಜ್ಜು ಕುದಿಸಿ, ನಾನು ಬೇಯಿಸಿಟ್ಟಿದ್ದ ಚಪಾತಿಗಳನ್ನು ಆರಿಸಿ ಬಟ್ಟೆಯಲ್ಲಿ ಸುತ್ತಿದ ಅತ್ತೆ, ನನ್ನ ಮುಖ ನೋಡದೆ ಕೇಳಿದರು: “ನೀವು ಬೆಟ್ಟಕ್ಕೆ ಹೋಗೋದು ನಂಗೊತ್ತು. ಇನ್ನೊಬ್ರಿಗೆ ಜಾಗ ಐತೇನಮ್ಮ? ನಾನು ಬೆಟ್ಟ ನೋಡಿರೋದು ಬಸ್ಸಿನ ಕಿಟಕೀಲಿ ಮಾತ್ರ.”

ಅತ್ತೆಯೂ ನಮ್ಮೊಂದಿಗೆ ಬಂದರು. ಸೆರಗು ಸೊಂಟಕ್ಕೆ ಸಿಕ್ಕಿಸಿ ಅರ್ಧ ಬೆಟ್ಟ ಹತ್ತಿದರು.

ನಾಲ್ಕು ವರ್ಷ ಅವರೊಂದಿಗೆ ಒಂದೇ ಅಡುಗೆಮನೆಯಲ್ಲಿದ್ದೂ ಅವರ ಆಸೆ ಏನೆಂದು ನಾನು ಒಮ್ಮೆಯೂ ಕೇಳಿರಲಿಲ್ಲ. ಆ ನಾಚಿಕೆ ಇಂದಿಗೂ ಹೋಗಿಲ್ಲ.