ಖಾಲಿ ಸ್ಟೇಡಿಯಂನಲ್ಲಿ ಬಾಮೈದ

ಹಾರೋಹಳ್ಳಿಯ ಕಾರ್ಖಾನೆಯಲ್ಲಿದ್ದಾಗ ನಾನು ನಮ್ಮ ಫುಟ್‌ಬಾಲ್ ತಂಡದ ಗೋಲ್‌ಕೀಪರ್. ಒಂದು ವರ್ಷ ದೇಶಮಟ್ಟದ ಕಪ್ ಫೈನಲ್ ಬೆಂಗಳೂರಿಗೆ ಬಂತು. ನೋಡಲೆಂದು ರಜೆ ಹಾಕಿದ್ದೆ. ಆದರೆ ಸೆಮಿಫೈನಲ್‌ನಲ್ಲಿ ಜನ ಹೊಡೆದಾಡಿಕೊಂಡದ್ದರಿಂದ ಫೈನಲ್‌ಗೆ ಪ್ರೇಕ್ಷಕರನ್ನೇ ಬಿಡುವುದಿಲ್ಲವೆಂದರು. ಹೊಂಗನೂರಿನ ಮನೆಯಲ್ಲೇ ಟಿ.ವಿ. ಮುಂದೆ ಕೂತೆ.

ನಡುವೆ ಕ್ಯಾಮೆರಾ ಖಾಲಿ ಕುರ್ಚಿಗಳ ಕಡೆ ತಿರುಗಿತು. ಅಲ್ಲಿ ಒಬ್ಬನೇ ಒಬ್ಬ ಕಾಲು ಚಾಚಿ ಕೂತಿದ್ದ.

"ನಮ್ ತಮ್ಮ ಅಲ್ವಾ ಅದು?" ಎಂದಳು ಹೆಂಡತಿ.

ಅವನೇ. ಸ್ಟೇಡಿಯಂಗೆ ನೀರಿನ ಕ್ಯಾನು ಹಾಕುವ ಟೆಂಪೋ ಓಡಿಸುತ್ತಿದ್ದ ನನ್ನ ಬಾಮೈದ. ಆಫ್‌ಸೈಡ್ ಅಂದರೇನೆಂದೇ ಗೊತ್ತಿಲ್ಲದವನು. ನನ್ನ ಹೊಟ್ಟೆ ಉರಿದುಹೋಯಿತು. ಆಮೇಲೆ ಆಟ ನೋಡಲಿಲ್ಲ. ಅವನು ಮತ್ತೆ ಕಾಣುತ್ತಾನೇನೋ ಎಂದೇ ನೋಡಿದೆ.

ಭಾನುವಾರ ಅವನು ಊಟಕ್ಕೆ ಬಂದ. "ಗೋಲು ಹೆಂಗಿತ್ಲಾ?" ಎಂದು ಕೇಳಿದೆ.

"ಅದ್ಯಾವಾಗ ಹೊಡುದ್ರೋ ಗೊತ್ತಾಗ್ಲಿಲ್ಲ ಭಾವ, ನಿದ್ದೆ ಬಂದ್ಬುಡ್ತು. ಆದ್ರೆ ಜನ ಇರ್ಲಿಲ್ವಲ್ಲ, ನಿದ್ದೆ ಬರೋ ಗಂಟ ಬಾಲ್ ಒದ್ದ ಸದ್ದು, ಗೋಲ್‌ಕೀಪರ್ ಕೂಗಿದ್ದು, ಎಲ್ಲಾ ಪಕ್ದಲ್ಲೇ ಆದಂಗೆ ಕೇಳ್ತಿತ್ತು."

ಟಿ.ವಿ.ಯಲ್ಲಿ ನನಗೆ ಕೇಳಿದ್ದು ಕಾಮೆಂಟರಿಯವನ ಗಂಟಲು ಮಾತ್ರ. ಬಾಮೈದನಿಗೆ ಬಡಿಸಲೆಂದು ಎತ್ತಿದ್ದ ಎರಡನೆಯ ಮುದ್ದೆಯನ್ನು ನನ್ನ ತಟ್ಟೆಗೇ ಹಾಕಿಕೊಂಡೆ.