ಆಯುಷ್ಯ ಮುಗಿದ ಮಶಿನ್

ಮೊದಲು ಕಂಡದ್ದು ಊಟದ ಹೊತ್ತಿನಲ್ಲಿ. ನಮ್ಮ ಮನೆಯವರು ರೊಟ್ಟಿ ಮುರಿದು ಪಲ್ಯಕ್ಕೆ ಹಚ್ಚಿದವರು ಹಾಗೇ ನಿದ್ದೆ ಹೋದರು. ತುತ್ತು ಕೈಯಲ್ಲೇ ಇತ್ತು. ಗಂಗಾವತಿಯಲ್ಲಿ ಶಾಲೆಯ ವ್ಯಾನ್ ಓಡಿಸುವ ಮನುಷ್ಯ.

ನನಗೆ ನಗು ಬರಲಿಲ್ಲ.

ಕೊಪ್ಪಳದ ಡಾಕ್ಟರು ಸ್ಲೀಪ್ ಸ್ಟಡಿ ಎಂಬ ನಿದ್ದೆಯ ಪರೀಕ್ಷೆ ಮಾಡಿಸಿ, ಸ್ಲೀಪ್ ಅಪ್ನಿಯಾ ಅಂದರು. ಮಲಗಿದಾಗ ಗಂಟಲು ಮುಚ್ಚಿಕೊಂಡು ಉಸಿರು ಮತ್ತೆ ಮತ್ತೆ ನಿಲ್ಲುತ್ತದೆ. ರಾತ್ರಿಯೆಲ್ಲ ಮಲಗಿದರೂ ಮೈಗೆ ನಿದ್ದೆಯಾಗುವುದಿಲ್ಲ. ಸಿಪ್ಯಾಪ್ ಮಶಿನ್ ಮನೆಗೆ ಬಂತು. ಮೂಗಿಗೆ ಮಾಸ್ಕ್, ಪೈಪಿನಲ್ಲಿ ಗಂಟಲು ಮುಚ್ಚದಂತೆ ಒತ್ತುವ ಗಾಳಿ. ಕೆಲವೇ ವಾರಗಳಲ್ಲಿ ಮನುಷ್ಯ ಮೊದಲಿನಂತಾದರು. ವರ್ಷಗಳು ಹಾಗೇ ಸುಖವಾಗಿ ಕಳೆದವು.

ಒಂದು ಬೆಳಿಗ್ಗೆ ಅದರ ಪರದೆಯ ಮೇಲೆ ಇಂಗ್ಲಿಷಿನಲ್ಲಿ ಒಂದು ಸಾಲು: ಮೋಟಾರಿನ ಆಯುಷ್ಯ ಮುಗಿದಿದೆ.

ಮಶಿನ್ ಮಾರಿದವನಿಗೆ ಫೋನ್ ಮಾಡಿದೆ.

"ಐದು ವರ್ಷದ ಮ್ಯಾಲಾತಲ್ರಿ ಅಕ್ಕಾರ. ಹೊಸಾದು ತಗೋರಿ," ಅಂದ.

ಎಷ್ಟು ಸಲೀಸಾಗಿ ಅಂದ! ಕೈ ಒಡ್ಡಿದರೆ ಗಾಳಿ ಬರುತ್ತಿತ್ತು. ಸದ್ದೂ ಅದೇ. ಒಳಗೆ ಲೆಕ್ಕ ಇಡುವ ಏನೋ ಒಂದನ್ನು ಕೂಡಿಸಿ, ಹೊತ್ತು ತುಂಬಿದ ಕೂಡಲೇ ಹೆದರಿಸಿ ಇನ್ನೊಂದು ಮಾರುವ ಆಟ ಇದು ಅನ್ನಿಸಿತು. ನಮ್ಮವರೂ "ನಡೀತೈತಿ ಬಿಡು" ಅಂದರು.

ಕೆಲವು ದಿನಗಳಲ್ಲಿ ಮಧ್ಯಾಹ್ನ ಅವರ ತಲೆ ತೂಕಡಿಕೆಯಿಂದ ಬಾಗತೊಡಗಿತು. ಕೇಳಿದರೆ, "ಕಣ್ಣ ಮುಚ್ಚಿದ್ದೆ, ಅಷ್ಟ." ಮಾಸ್ಕ್ ತೆಗೆದಿಟ್ಟು ಮಲಗುತ್ತಿದ್ದಾರೇನೋ ಎಂದು ಅವರ ಮೇಲೂ ಅನುಮಾನ ಬಂತು. ಮೂಗಿನ ಮೇಲೆ ಮಾಸ್ಕಿನ ಗುರುತು ಮಾತ್ರ ದಿನಾ ಇರುತ್ತಿತ್ತು.

ಒಂದು ಸಂಜೆ ಅವರು ನಡೆದುಕೊಂಡು ಮನೆಗೆ ಬಂದರು.

"ವ್ಯಾನ್ ಎಲ್ಲೈತಿ?"

"ಮಾಲಕರ ಕೈಯಾಗ ಕೀಲಿ ಕೊಟ್ಟು ಬಂದೆ." ಕಟ್ಟೆಯ ಮೇಲೆ ಕುಳಿತರು. "ನವಲಿ ರಸ್ತ್ಯಾಗ ಎದುರಿನ ಲಾರಿಯಾಂವ ಹಾರ್ನ್ ಹೊಡದ. ಆವಾಗ ಎಚ್ಚರಾತು. ಹುಡುಗ್ರನ್ನ ಇಳಿಸಿ ಬರಾಕತ್ತಿದ್ದೆ. ವ್ಯಾನ್ ಖಾಲಿ ಇತ್ತು."

ಖಾಲಿ ಇತ್ತು ಎಂಬ ಮಾತನ್ನು ಇನ್ನೊಮ್ಮೆ ಹೇಳಿದರು.

ಮರುದಿನವೇ ಮಶಿನ್ ಚೀಲದಲ್ಲಿಟ್ಟುಕೊಂಡು ಕೊಪ್ಪಳಕ್ಕೆ ಹೋದೆವು. ಡಾಕ್ಟರು ಅದಕ್ಕೊಂದು ಪ್ರೆಶರ್ ಮೀಟರ್ ಜೋಡಿಸಿದರು. ಹಿಂದಿನ ಮುಚ್ಚಳ ತೆಗೆದಾಗ ಫಿಲ್ಟರ್ ತುಂಬ ತೌಡಿನ ಬಣ್ಣದ ಧೂಳು. ನಮ್ಮ ಮನೆ ಇರುವುದೇ ರೈಸ್ ಮಿಲ್ಲುಗಳ ನಡುವೆ. ಹೊಸ ಫಿಲ್ಟರ್ ಹಾಕಿದರೂ ಮೀಟರಿನ ಮುಳ್ಳು ಮೇಲೇರಲಿಲ್ಲ.

"ಆ ಮೆಸೇಜ್ ಬಂತಂದ್ರ ಮಶಿನ್ ಅವತ್ತೇ ಕೆಟ್ಟಿತು ಅಂತಲ್ಲಮ್ಮ. ಕೆಲವು ಆಮ್ಯಾಲೂ ನಡೀತಾವ. ಆದ್ರ ಪರೀಕ್ಷೆ ಮಾಡಿಸ್ಬೇಕು. ನಿಮ್ಮದು ಗಾಳಿ ಬಿಡ್ತೈತಿ, ಬೇಕಾದಷ್ಟು ಪ್ರೆಶರ್ ಕೊಡವಲ್ದು," ಅಂದರು.

ನನ್ನ ಸಂಶಯ ಅಷ್ಟಕ್ಕೆ ಹೋಗಲಿಲ್ಲ. "ಹೊಸಾದನ್ನೂ ಅದ ಮೀಟರಿಗೆ ಹಚ್ಚಿ ತೋರಿಸ್ರಿ ಸರ್," ಅಂದೆ. ನಮ್ಮವರು ನಾಚಿಕೆಯಿಂದ ನೆಲ ನೋಡಿದರು. ಡಾಕ್ಟರು ಬೇಸರಿಸದೆ ಹೊಸ ಮಶಿನ್ ಒಂದನ್ನು ತರಿಸಿ ಹಚ್ಚಿದರು. ಮುಳ್ಳು ಏರಿತು, ಏರಿದಲ್ಲೇ ನಿಂತಿತು.

ಆಗ ಒಪ್ಪಿದೆ.

ಹೊಸ ಮಶಿನ್ ಬಂದ ಮೇಲೂ ಡಾಕ್ಟರು ಮತ್ತೆ ಪರೀಕ್ಷಿಸಿ ಹೂಂ ಅನ್ನುವವರೆಗೆ ನಮ್ಮವರು ಸ್ಟೇರಿಂಗ್ ಮುಟ್ಟಲಿಲ್ಲ. ಮೊದಲ ದಿನ ಖಾಲಿ ವ್ಯಾನ್ ಓಡಿಸಿ ನೋಡಲು ಹೊರಟಾಗ ನಾನೂ ಹತ್ತಿ ಕುಳಿತೆ.

"ನಂಬಿಕಿ ಇಲ್ಲೇನು?"

"ಐತ್ರಿ. ಆದ್ರೂ ಬರ್ತೀನಿ."

ಹೋಗುವಾಗ ಕನ್ನಡಿಯಲ್ಲಿ ಅವರ ಕಣ್ಣನ್ನೇ ನೋಡುತ್ತಿದ್ದೆ. ಬರುವಾಗ ಗದ್ದೆಯ ಗಾಳಿ ಮುಖಕ್ಕೆ ತಂಪಾಗಿ ಬಡಿಯುತ್ತಿತ್ತು. ನನಗೆ ಎಚ್ಚರವಾದಾಗ ವ್ಯಾನ್ ಮನೆ ಮುಂದೆ ನಿಂತಿತ್ತು. ಅವರು ಹಿಂದೆ ತಿರುಗಿ ನನ್ನನ್ನು ನೋಡಿ ನಗುತ್ತಿದ್ದರು.