ಚಟ್ನಿಪುಡಿ ಕಂಪನಿಯ ಅಕ್ಕಾರು

ಹುರಿದ ಶೇಂಗಾವನ್ನು ಮೊರದಲ್ಲಿ ಹಾಕಿಕೊಂಡು ಸಿಪ್ಪೆ ಕೇರುತ್ತಿದ್ದಾಗ ಫೋನು ಬಂತು. ನನ್ನ ಜೊತೆ ಮನೆಮನೆಗೆ ಚಟ್ನಿಪುಡಿ ಮಾರುತ್ತಿದ್ದ ಗೆಳತಿಯದು. "ಅಕ್ಕಾರು ಹ್ವಾದ್ರವಾ. ಗದಗಿನ ದವಾಖಾನ್ಯಾಗ, ಮುಂಜಾನಿ" ಎಂದಳು. ಮೊರ ಕೆಳಗಿಟ್ಟೆ. ಮೊದಲು ಕಣ್ಣಿಗೆ ಬಂದದ್ದು ಅವರ ಕಾಲು. ಇಳಕಲ್ ಸೀರೆಯ ದಡಿಯ ಕೆಳಗೆ ಕ್ಯಾನ್ವಾಸ್ ಬೂಟು, ಎರೆಮಣ್ಣು ಮೆತ್ತಿ ಮೆತ್ತಿ ಬಿಳಿ ಬಣ್ಣ ಯಾವಾಗಲೋ ಹೋಗಿತ್ತು.

ಅಕ್ಕಾರು ಕಟ್ಟಿದ ಕಂಪನಿ ಅಂದರೆ ಆಗ ರೋಣದಲ್ಲಿ ಎರಡು ಕೋಣೆ, ಒಂದು ಪುಡಿ ಮಾಡುವ ಯಂತ್ರ, ಮಾರಲು ನಾವು ಐದು ಹೆಣ್ಣುಮಕ್ಕಳು. ಬೋರ್ಡು ಬರೆಸುವ ಮೊದಲೇ ಅಕ್ಕಾರು ನಮಗೆಲ್ಲ ತಮ್ಮಂಥದೇ ಬೂಟು ಕೊಡಿಸಿದರು. ಸೀರೆಯ ಮೇಲೆ ಬೂಟು ಹಾಕಿ ಹೊರಟರೆ ಕಟ್ಟೆಯ ಮೇಲೆ ಕುಳಿತವರು "ಕವಾಯತಿಗೆ ಹೊಂಟಾರ ನೋಡ್ರಿ" ಎನ್ನುವರು. ಅಕ್ಕಾರು ನಿಂತು, "ಹೌದ್ರಿ ಕಾಕಾ, ನಿಮ್ಮ ಮನಿಗೂ ಬರ್ತೀವಿ. ಬಾಗಲಾ ತಗದಿಡಾಕ ಕಾಕೂಗ ಹೇಳ್ರಿ" ಎಂದು ಮುಂದೆ ನಡೆಯುವರು.

ಕೆಲಸಕ್ಕೆ ತೆಗೆದುಕೊಳ್ಳುವಾಗ ನಾನು ಎಷ್ಟು ಓದಿದ್ದೇನೆಂದು ಅವರು ಕೇಳಲಿಲ್ಲ. ರೊಟ್ಟಿ, ನಾಲ್ಕು ಥರದ ಚಟ್ನಿ ಮುಂದಿಟ್ಟು, "ತಿಂದು ಹೇಳವಾ, ಯಾವುದು ಚಲೋ ಆಗಿಲ್ಲ?" ಅಂದರು. ಹೆದರುತ್ತಲೇ, "ಪುಠಾಣಿದು ಉಪ್ಪ ಜಾಸ್ತಿ ಆಗೇತ್ರಿ" ಅಂದೆ. "ನಾಳಿಂದ ಬಾ" ಅಂದರು. ಮೊದಲ ವಾರ ಚೀಲ ಅವರೇ ಹೊತ್ತರು. ಮಾತು ಮಾತ್ರ ನಾನು ಆಡಬೇಕು. ಒಂದು ಪೊಟ್ಟಣವೂ ಹೋಗದ ದಿನ ಪಗಾರು ಕಡಿಯಲಿಲ್ಲ. "ಬಿಸಲಾಗ ತಿರಗಿದ್ದೂ ಕೆಲಸನ ಅಲ್ಲೇನು?" ಎನ್ನುವರು.

ನಮ್ಮ ಅತ್ತೆ ನನ್ನನ್ನು ಕಳಿಸಲು ಒಪ್ಪಿದ್ದು ಒಂದು ಮಾತಿನ ಮೇಲೆ. "ಒಂದ ದೂರು ಮನಿಗೆ ಬಂತಂದ್ರ ಅವತ್ತಿಗೆ ಮುಗೀತ ನೋಡು." ಆ ದೂರು ಮೊದಲ ಶ್ರಾವಣದಲ್ಲೇ ಬಂತು.

ಶ್ರಾವಣ ಸೋಮವಾರ ನಾವು ಒಪ್ಪತ್ತು ಮಾಡುತ್ತೇವೆ, ಆದರೆ ಬಳ್ಳೊಳ್ಳಿ ಬಿಡುವುದಿಲ್ಲ. ಎಲ್ಲರ ಮನೆಯೂ ಹಾಗೇ ಎಂದುಕೊಂಡು ನರಗುಂದದಲ್ಲಿ, ಗುಡ್ಡದ ಬುಡದ ಓಣಿಯ ಒಂದು ಮನೆಗೆ ಗುರೆಳ್ಳು ಚಟ್ನಿ ಕೊಟ್ಟು ಬಂದಿದ್ದೆ. ಅದರಲ್ಲಿ ಬಳ್ಳೊಳ್ಳಿ ಇತ್ತು. ಆಗ ಪೊಟ್ಟಣದ ಮೇಲೆ ಏನೂ ಬರೆದಿರುತ್ತಿರಲಿಲ್ಲ. ಆ ಮನೆಯವರು ಶ್ರಾವಣ ಮುಗಿಯುವ ತನಕ ಬಳ್ಳೊಳ್ಳಿ ಮುಟ್ಟದವರು. ಪೂಜೆಗೆ ಬಂದ ಸ್ವಾಮಿಗಳ ತಾಟಿಗೆ ಅದನ್ನೇ ಬಡಿಸಿದ್ದರು. ಸ್ವಾಮಿಗಳು ಒಂದು ತುತ್ತಿಗೇ ಕೈತೊಳೆದು ಎದ್ದರಂತೆ. ಮರುದಿನ ಆ ಮನೆಯ ಮಗ ನಮ್ಮ ಮನೆ ಹುಡುಕಿಕೊಂಡು ಬಂದು, ಅತ್ತೆಯ ಮುಂದೆ, ಓಣಿಯೆಲ್ಲ ಕೇಳುವಂತೆ ಕೂಗಾಡಿ ಹೋದ.

ಅದರ ಮರುದಿನ ನಾನು ಕೆಲಸಕ್ಕೆ ಹೋಗಲಿಲ್ಲ. ಅಕ್ಕಾರೇ ಬಂದರು. ಬಾಗಿಲ ಹೊರಗೆ ಬೂಟು ಬಿಚ್ಚಿ, ಅತ್ತೆಯ ಎದುರು ಬರಿ ನೆಲದ ಮೇಲೆ ಕುಳಿತರು.

"ಇಕಿ ಇನ್ನ ಬರಂಗಿಲ್ರಿ" ಅಂದರು ಅತ್ತೆ.

"ಬೈಯೂದಿದ್ರ ನನಗ ಬೈರಿ ಯಕ್ಕಾ. ಪೊಟ್ಟಣದ ಮ್ಯಾಲೆ ಬರಸ್ಲಿಲ್ಲ, ಕೇಳಿ ಕೊಡು ಅಂತ ಇಕಿಗೆ ಕಲಿಸಲೂ ಇಲ್ಲ. ತಪ್ಪು ನಂದಿರಬೇಕಾದ್ರ ಕೆಲಸ ಇಕೀದು ಹ್ಯಾಂಗ ಹೋಗತೈತಿ?"

"ಮಂದಿ ಮುಂದ ಮಾನ ಹೋತಲ್ಲ ನಮ್ದು."

"ಹೋದಲ್ಲೇ ಹೋಗಿ ತರ್ತೀವ್ರಿ. ಇದೊಂದ ದಿನ ಕಳಸ್ರಿ."

ಅತ್ತೆ ಎದ್ದು ಬಾಗಿಲು ಬಿಟ್ಟು ಸರಿದರು. ನರಗುಂದದ ಬಸ್ಸು ಹತ್ತಿದೆವು. ಆ ಮನೆಯ ಅಜ್ಜಿ ಕೂಡ್ರಿ ಎನ್ನಲಿಲ್ಲ. ಅಕ್ಕಾರು ಕೈಮುಗಿದು ತಮ್ಮ ತಪ್ಪು ಹೇಳಿದರು. ಆಮೇಲೆ ನನ್ನ ಕಡೆ ತಿರುಗಿ, "ಈಗ ನೀ ಹೇಳವಾ" ಅಂದರು. "ನಾನೂ ಶಿವನ್ನ ನಂಬಿದಾಕೀರಿ ಅಮ್ಮಾ. ಗೊತ್ತಿದ್ರ ಕೊಡತಿದ್ದಿಲ್ಲ. ಕೇಳಬೇಕಿತ್ತು, ಕೇಳಲಿಲ್ಲ" ಅಂದೆ. ಅಜ್ಜಿ "ಬಿಸಲಾಗ ಬಂದೀರಿ, ನೀರರ ಕುಡೀರಿ" ಎಂದು ತಂಬಿಗೆ ತಂದರು. ಅವತ್ತು ಅವರು ಏನೂ ಕೊಳ್ಳಲಿಲ್ಲ. ದೀಪಾವಳಿಯ ಮುಂದೆ ತಾವಾಗಿ ಕರೆದು ಕೊಂಡರು. ಅಷ್ಟರಲ್ಲಿ ಬಳ್ಳೊಳ್ಳಿ ಇದ್ದ ಪೊಟ್ಟಣಗಳಿಗೆಲ್ಲ ಕೆಂಪು ದಾರ ಕಟ್ಟುವ ಪದ್ಧತಿ ಬಂದಿತ್ತು.

ನೀರು ಕುಡಿದು ಬಂದೆವೆಂದು ಹೇಳಿದಾಗ ಅತ್ತೆ "ನಾಳಿ ಎಷ್ಟಕ್ಕ ಹೋಗಾಕಿ?" ಎಂದಷ್ಟೇ ಕೇಳಿದರು. ಮುಂದೆ ಆರು ವರ್ಷ ಚೀಲ ಹೊತ್ತು ನಡೆದೆ. ಅತ್ತೆಯ ಸೊಂಟ ಮುರಿದ ಮೇಲೆ ಮನೆಯಲ್ಲೇ ಇದ್ದೇನೆ. ಆದರೆ ಗುರುತಿಲ್ಲದವರ ಬಾಗಿಲಲ್ಲಿ ತಲೆಯೆತ್ತಿ ಮಾತಾಡಬಲ್ಲೆ, ತಪ್ಪಾದರೆ ತಪ್ಪು ಎನ್ನಬಲ್ಲೆ. ಶಿವ ನನಗೆ ಮಾಡಿದ ಸಣ್ಣ ಸಣ್ಣ ಉಪಕಾರಗಳಲ್ಲಿ ಇದೂ ಒಂದು, ಅಕ್ಕಾರ ಕೈಯಿಂದ ಕೊಡಿಸಿದ್ದು.

"ಯಾರದವಾ ಫೋನು?" ಎಂದರು ಅತ್ತೆ, ಮಂಚದ ಮೇಲಿನಿಂದ. ಹೇಳಿದೆ. ಅತ್ತೆ ಮೊಣಕೈ ಊರಿ ತಲೆ ಎತ್ತಿದರು.

"ಅವ್ರ ಮನ್ಯಾಗ ಇವತ್ತ ಒಲಿ ಹಚ್ಚಂಗಿಲ್ಲ. ರೊಟ್ಟಿ ಬಡ್ಕೊಂಡ ಹೋಗು. ನನ್ನ ಗಂಜಿ ಆಮ್ಯಾಲೆ."

ಎದ್ದು ರೊಟ್ಟಿಗೆ ಎಸರಿಟ್ಟೆ.